ತಾಳೆಗರಿ ತಿಕ್ಕಿದ ರೆಕಾರ್ಡು

ಬಿಡದಿ ಕಡೆ ಕಾರ್ಖಾನೆಗಳು ಎದ್ದು, ಚನ್ನಪಟ್ಟಣದ ನಮ್ಮ ಬೀದಿಯ ಅರ್ಧ ಜನ ಬೆಳಗಾದರೆ ಕಂಪನಿ ಬಸ್ಸು ಹತ್ತುತ್ತಿದ್ದ ಕಾಲ ಅದು. ಉಳಿದ ಮನೆಗಳಲ್ಲಿ ಇನ್ನೂ ಗೊಂಬೆ ಕಡೆಯುವ ಲೇತ್ ಗುಂಯ್‌ಗುಡುತ್ತಿತ್ತು. ಬಿಸಿ ಅರಗಿನ ವಾಸನೆ ಊಟದ ತಟ್ಟೆಯವರೆಗೂ ಬರುತ್ತಿತ್ತು. ನಮ್ಮನೆಯ ಲೇತ್ ಮಾತ್ರ ಸುಮ್ಮನಿತ್ತು. ಕೈ ನಡುಗಲು ಶುರುವಾಗಿ ತಾತ ಉಳಿ ಕೆಳಗಿಟ್ಟು ಆರು ತಿಂಗಳಾಗಿತ್ತು. ಜಗಲಿಯಲ್ಲಿ ಕೂತು ಕಂಡಕಂಡವರ ಮೇಲೆ ರೇಗುತ್ತಿದ್ದ.

ಆಗ ಬೆಂಗಳೂರಿನಿಂದ ಒಬ್ಬರು ಬಂದರು. ಹಾಡಿನ ರೆಕಾರ್ಡು ಹಾಕಿ ಕೇಳುವ ಮರದ ಪೆಟ್ಟಿಗೆ ಮಾಡುವವರು. ಅದಕ್ಕೆ, ಗೊಂಬೆ ಮಾಡುವ ಹಾಲೆಮರದಲ್ಲೇ ಕಡೆದ, ಸದ್ದು ಹೆಚ್ಚುಕಡಿಮೆ ಮಾಡಲು ತಿರುವುವ ಗುಂಡಿ ಬೇಕಿತ್ತು.

"ನನ್ ಕೈಲಾಗಕಿಲ್ಲ ಸಾಮಿ," ಅಂದ ತಾತ.

"ಯೋಚನೆ ಮಾಡಿ ನೋಡಿ," ಎಂದು ಅವರು ಅಳತೆಗೆ ಒಂದು ಪೆಟ್ಟಿಗೆ, ಜೊತೆಗೆ ಹೊಸದಾಗಿ ಬಂದಿದ್ದ ಒಂದು ರೆಕಾರ್ಡು ಬಿಟ್ಟುಹೋದರು. ಅಮೆರಿಕದ ಜಾಜ್ ಸಂಗೀತದ ಮುದುಕರೊಬ್ಬರು ಕೊನೆಗಾಲದಲ್ಲಿ ಜನರೆದುರು ಸ್ಯಾಕ್ಸೋಫೋನ್ ಊದಿದ್ದಂತೆ.

ಹಾಕಿ ಕೇಳಿದೆವು. ನಡುವೆ ಒಂದು ಕಡೆ ಮುದುಕರ ಉಸಿರು ಸೋತು ನಿಂತೇಬಿಡುತ್ತಿತ್ತು. ಸಭೆಯಲ್ಲಿ ಯಾರೋ ಕೆಮ್ಮಿದ್ದೂ ಕೇಳುತ್ತಿತ್ತು. ಆಮೇಲೆ ಮೆಲ್ಲಗೆ, ಅಲ್ಲಿಂದಲೇ ಮತ್ತೆ ಶುರು. ತಾತ ಅಷ್ಟನ್ನೇ ನನ್ನ ಕೈಲಿ ಹತ್ತು ಸಲ ಹಾಕಿಸಿದ.

"ದಮ್ಮು ಹೋಗ್ಬುಡ್ತು ಕಣ್ ಮಗ. ಆದ್ರೂ ಎದ್ದೋಗ್ನಿಲ್ಲ ನೋಡು!"

ತಾತನ ಮುಖ ಅರಳಿದ್ದು ನೋಡಿ ನನಗೆ ಎಲ್ಲಿಲ್ಲದ ಉಮೇದು. ಅವನು ಮಧ್ಯಾಹ್ನ ಮಲಗಿದ್ದಾಗ, ರೆಕಾರ್ಡು ಧೂಳಾಗಿದೆಯೆಂದು, ತಿರುಗುತ್ತಿರುವಾಗಲೇ ತಾಳೆಗರಿ ಒತ್ತಿ ತಿಕ್ಕಿದೆ. ಅರಗು ಹಚ್ಚಿದ ಗೊಂಬೆಗೆ ನಮ್ಮಲ್ಲಿ ಹೊಳಪು ಬರಿಸುವುದೇ ಹಾಗೆ. ಹೊಳಪು ಬರಲಿಲ್ಲ, ಹಾಡಿನ ತುಂಬ ಕರಕರ ಸದ್ದು ಬಂತು. ಅಯ್ಯೋ ಕೆಟ್ಟೆ ಎಂದು ಗೋಳೋ ಅಂತ ಅತ್ತೆ.

ಎದ್ದು ಬಂದ ತಾತ ಬೈಯಲಿಲ್ಲ. "ತಿರುಗೋದ್ನ ಕಂಡ್ರೆ ತಿಕ್ಕೋದು ನಮ್ ಮನೆತನದ ಚಾಳಿ," ಎಂದು ನಕ್ಕ. ಆಮೇಲೆ, "ಅವ್ರ ವಸ್ತು ಕೆಡ್ಸಿ, ಅವ್ರ ಕೆಲ್ಸಾನೂ ಮಾಡ್ಕೊಡ್ದೆ ಮುಖ ತೋರ್ಸಕಾಯ್ತದ? ಒಸಿ ಆ ಉಳಿ ತತ್ತಾ," ಅಂದ.

ಲೇತಿನ ಮುಂದೆ ಕೂತ ತಾತ, ಕೈ ನಡುಗಿದಾಗ ಉಳಿ ಹಿಂದಕ್ಕೆ ತೆಗೆದು, ಕಣ್ಣು ಮುಚ್ಚಿ ಕಾಯುತ್ತಿದ್ದ. ಮತ್ತೆ ಅಲ್ಲಿಂದಲೇ ಶುರು. ಎರಡು ಗುಂಡಿಗೆ ಒಂದು ದಿನ ಹಿಡಿಯಿತು.

ಬೆಂಗಳೂರಿನವರು ಬಂದಾಗ ತಾತ ಮೊದಲು ನನ್ನ ತಪ್ಪು ಹೇಳಿ, ಆಮೇಲೆ ಗುಂಡಿ ಕೊಟ್ಟ. ಅವರು ಅದನ್ನು ಬೆರಳಲ್ಲಿ ಬಹಳ ಹೊತ್ತು ತಿರುಗಿಸಿ ನೋಡಿದರು.

"ಇಂಥವು ಇನ್ನೂ ಬೇಕು ಯಜಮಾನ್ರೇ. ರೆಕಾರ್ಡು ಮಗೂನೇ ಇಟ್ಕೊಳ್ಳಲಿ."

ಅಲ್ಲಿಂದ ಸಾಯುವ ವರ್ಷದವರೆಗೂ ತಾತ ಲೇತ್ ಬಿಡಲಿಲ್ಲ. ಈಗ ನಮ್ಮ ಬೀದಿಯಲ್ಲಿ ಲೇತಿನ ಸದ್ದಿರುವುದು ಎರಡೇ ಮನೆಯಲ್ಲಿ. ಅದರಲ್ಲೊಂದು ನನ್ನದು. ತಾತ ಮಾಡಿದ ಗುಂಡಿಯಿರುವ ಪೆಟ್ಟಿಗೆಯೊಂದನ್ನು ಹುಡುಕಿ ಕೊಂಡು ತಂದಿದ್ದೇನೆ. ಕೈ ಸೋತ ದಿನ ಆ ರೆಕಾರ್ಡು ಹಾಕುತ್ತೇನೆ. ಕರಕರ ಸದ್ದಿನ ನಡುವೆ ಮುದುಕರ ಉಸಿರು ನಿಲ್ಲುತ್ತದೆ. ನಾನೂ ಉಳಿ ಹಿಂದಕ್ಕೆ ತೆಗೆದು ಕಾಯುತ್ತೇನೆ. ಅವರು ಊದಲು ಶುರು ಮಾಡಿದರೆ, ನಾನೂ ಮಾಡುತ್ತೇನೆ.