ದೇವಿಯ ಎಡಭುಜದಿಂದ ಬಿದ್ದ ಹೂವು

ಕಲ್ಲಿಗೆ ಹಚ್ಚಿದ ಒದ್ದೆ ಕೇಪಳದ ಹೂವು ಹನ್ನೊಂದು ನಿಮಿಷಕ್ಕೆ ಬೀಳುತ್ತದೆ. ನೀರು ಹೆಚ್ಚಾದರೆ ನಾಲ್ಕೇ ನಿಮಿಷ. ಆರ್‌ಪಿಸಿ ಲೇಔಟಿನ ನಮ್ಮ ಅಡುಗೆಮನೆಯಲ್ಲಿ, ಗೋಡೆಗೆ ಒರಗಿಸಿದ ಗ್ರಾನೈಟ್ ತುಂಡಿನ ಮೇಲೆ ನಾನೇ ಹಚ್ಚಿ ನೋಡಿದ್ದೆ.

ಮನೆಯ ವಿಷಯ ಬರೆದು ನನಗೆ ಅಭ್ಯಾಸವಿಲ್ಲ. ಆದರೂ ನಿಮಗೆಲ್ಲ ಇದನ್ನು ಹೇಳಲೇಬೇಕು. ಕಳೆದ ದೀಪಾವಳಿ ಮುಗಿದ ವಾರ ಅಮ್ಮನ ಎದೆಯಲ್ಲಿ ಗಂಟು ಕಾಣಿಸಿತು. ವರದಿ ಕೆಟ್ಟದಾಗಿತ್ತು. ತಿಂಗಳೊಳಗೆ ಶಸ್ತ್ರಚಿಕಿತ್ಸೆ ಆದರೆ ಭಯವಿಲ್ಲ ಎಂದರು ಡಾಕ್ಟರು. ಅಮ್ಮ ಒಪ್ಪಲಿಲ್ಲ. ಅಪ್ಪ ಇಲ್ಲ, ಮನೆಯಲ್ಲಿ ನಾವಿಬ್ಬರೇ. ಬೆಂಗಳೂರಿಗೆ ಬಂದು ಮೂವತ್ತು ವರ್ಷವಾದರೂ ಅವಳು ಮಾತು ಕೇಳುವುದು ತವರಿನ ಕಡಲ ದಂಡೆಯ ದೇವಿಯೊಬ್ಬಳದೇ.

"ಅವ್ಳು ಹೂ ಕೊಡ್ಲಿ, ಮಾಡಿಸ್ಕೋತೀನಿ. ಇಲ್ಲಾಂದ್ರೆ ನನ್ನ ಬಿಟ್ಬಿಡು ಕಣೇ."

ಆ ಗುಡಿಯ ಪದ್ಧತಿ ಹೀಗೆ. ಅರ್ಚಕರು ದೇವಿಯ ಎರಡೂ ಭುಜಕ್ಕೆ ಒದ್ದೆ ಹೂ ಹಚ್ಚುತ್ತಾರೆ. ಪ್ರಶ್ನೆಯನ್ನು ಮನಸ್ಸಿನಲ್ಲೇ ಕೇಳಿಕೊಳ್ಳಬೇಕು. ಬಲಗಡೆಯದು ಮೊದಲು ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಬೇಡ. ನಾನು ರಸಾಯನಶಾಸ್ತ್ರ ಓದಿದವಳು. ಅಮ್ಮನ ಜೀವ ಒಂದು ಹೂವಿನ ತೇವದ ಮೇಲೆ ನಿಂತಿದೆ ಎನ್ನುವುದನ್ನು ಸಹಿಸಲಾಗಲಿಲ್ಲ. ಅರ್ಚಕರ ಮೇಲೂ ಅನುಮಾನ. ಹೂ ಹಚ್ಚುವ ಬೆರಳು ಅವರದೇ ತಾನೆ?

ಕುಮಟಾದಲ್ಲಿ ಬಸ್ಸು ಬದಲಿಸಿ ಊರು ತಲುಪಿದೆವು. ಗುಡಿಯ ಹೊರಗಿನ ಶಾಸನವನ್ನು ಉಪ್ಪುಗಾಳಿ ಅರ್ಧ ತಿಂದಿತ್ತು. ಅಮ್ಮ ಬಾವಿಯ ಬಳಿ ಕಾಲು ತೊಳೆಯುತ್ತಿದ್ದಾಗ ನಾನು ಒಳಗೆ ಹೋಗಿ, ವಯಸ್ಸಾದ ಅರ್ಚಕರ ಮುಂದೆ ವರದಿ ಹಿಡಿದು, ಮೆಲ್ಲಗೆ ಕೇಳಿದೆ: "ಬಲಗಡೆ ಹೂವಿಗೆ ಸ್ವಲ್ಪ ಹೆಚ್ಚು ನೀರು ಹಾಕ್ತೀರಾ?"

ಅವರು ವರದಿ ನೋಡಲಿಲ್ಲ, ನನ್ನನ್ನು ನೋಡಿದರು. "ಎಂತ ಓದಿದ್ದೆ ತಂಗೀ?"

"ಎಂ.ಎಸ್ಸಿ."

"ಒಳ್ಳೇದಾಯ್ತು. ಹೋಗು, ಅಮ್ಮನ್ನ ಕರ್ಕೊಂಡು ಬಾ."

ಒಪ್ಪಿದರೋ ಇಲ್ಲವೋ ತಿಳಿಯಲಿಲ್ಲ. ಹೂ ಹಚ್ಚುವಾಗ ನಾನು ದೇವಿಯ ಮುಖ ನೋಡಲಿಲ್ಲ, ಅವರ ಬೆರಳನ್ನೇ ನೋಡಿದೆ. ಎರಡು ಹೂವನ್ನೂ ಒಂದೇ ಸಲ ನೀರಿಗೆ ಅದ್ದಿದರು. ಹನ್ನೊಂದು ನಿಮಿಷ ಕಳೆಯಿತು. ಇಪ್ಪತ್ತೂ ಆಯಿತು. ಆಗ ಗಡಿಯಾರ ನೋಡುವುದನ್ನು ಬಿಟ್ಟು ಕೈಮುಗಿದೆ. ತಾಯೀ, ಇವಳನ್ನು ನನಗೆ ಉಳಿಸಿಕೊಡು.

ಎಡಗಡೆಯ ಹೂ ಬಿತ್ತು.

ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ. ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಬಂದು ಪಕ್ಕದಲ್ಲಿ ಕೂತಳು.

"ಆಪರೇಷನ್ ಯಾವತ್ತು ಅಂದಿದ್ರು?"

"ಬೇಡ ಅಂತ ತಾನೇ ಆಯ್ತು?"

"ಅಡುಗೆಮನೇಲಿ ಹೂ ಅಂಟಿಸಿ ಟೈಮ್ ನೋಡ್ತಿದ್ದವಳು ನೀನು. ಇಲ್ಲಿ ಭಟ್ರ ಹತ್ರ ಗುಸುಗುಸು ಬೇರೆ. ಬಲಗಡೆ ಬೀಳಿಸೋಕೆ ಹೇಳಿರ್ತೀಯ ಅಂತ ನಾನು ಪ್ರಶ್ನೇನೇ ತಿರುಗಿಸ್ಬಿಟ್ಟೆ. ಆಪರೇಷನ್ ಇಲ್ದೆ ಮನೇಲೇ ಇದ್ಬಿಡ್ಲಾ ಅಂತ ಕೇಳ್ದೆ. ಬೇಡ ಅಂದ್ಳು. ನಿನ್ನ ಬುದ್ಧಿ ನಂಗೆ ಗೊತ್ತಿಲ್ವೇನೇ?"

ಅರ್ಚಕರು ನನ್ನ ಮಾತು ಕೇಳಿ ಬಲಗಡೆಯ ಹೂ ಬೀಳಿಸಿದ್ದರೆ, ಅಮ್ಮ ಚಿಕಿತ್ಸೆಯಿಲ್ಲದೆ ಮನೆಯಲ್ಲೇ ಉಳಿಯುತ್ತಿದ್ದಳು. ದೇವಿ ನನ್ನ ಮೋಸವನ್ನು ಪಕ್ಕಕ್ಕಿಟ್ಟು ಪ್ರಾರ್ಥನೆಯನ್ನಷ್ಟೇ ಕೇಳಿಸಿಕೊಂಡಳು. ಅಮ್ಮ ಗುಣವಾಗಿದ್ದಾಳೆ, ಹೋದ ವಾರದ ತಪಾಸಣೆಯಲ್ಲಿ ಏನೂ ಕಂಡಿಲ್ಲ. ನನಗೆ ಇಂದಿಗೂ ಎಲ್ಲರ ಮೇಲೂ ಅನುಮಾನವೇ. ಆ ದೇವಿಯೊಬ್ಬಳ ಮೇಲಿಲ್ಲ.

ಹೂ ಬಿದ್ದ ದಿನವೇ ಸಂಜೆಯ ಬಸ್ಸು ಹತ್ತಿದೆವು. ಮರುದಿನ ಬೆಳಿಗ್ಗೆ ಬೆಂಗಳೂರಿನ ಗೊರಗುಂಟೆಪಾಳ್ಯದಲ್ಲಿ ಇಳಿದಾಗ ಅಮ್ಮ, "ಮನೆಗೆ ಹೋಗಿ ಸ್ನಾನ ಮಾಡ್ಕೊಂಡು ಹೋಗೋಣ" ಅಂದಳು. ಎಲ್ಲಿ ಮನಸ್ಸು ಬದಲಾಯಿಸುತ್ತಾಳೋ ಎಂದು ನಾನು ಒಪ್ಪಲಿಲ್ಲ. ಆಟೋ ಹಿಡಿದು ನೇರ ಆಸ್ಪತ್ರೆಗೆ ಹೋಗಿ, ಕೌಂಟರ್ ತೆರೆಯುವ ಮೊದಲೇ, ಕಾಲಿಗೆ ಅಂಟಿದ ಮರಳಿನೊಂದಿಗೆ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ನಿಂತೆ.