ಮೂರನೇ ಕಿಟಕಿಯ ಹಳದಿ ಟವೆಲ್ಲು

ನನಗೊಂದು ಚಟವಿದೆ. ಕುಡಿತವೋ ಇಸ್ಪೀಟೋ ಆಗಿದ್ದರೆ ಧೈರ್ಯವಾಗಿ ಹೇಳಿಕೊಳ್ಳಬಹುದಿತ್ತು, ಊರಲ್ಲಿ ನಾಲ್ಕು ಜನ ಜೊತೆಗಾರರಾದರೂ ಸಿಗುತ್ತಿದ್ದರು. ನನ್ನದು ಪ್ರೇಮದ ಹಾಸ್ಯ ಸಿನಿಮಾ ನೋಡುವ ಚಟ. ವಯಸ್ಸು ಐವತ್ತೆರಡು, ತಲೆ ಬೋಳು, ಗಂಗಾವತಿಯ ಕಚೇರಿಯೊಂದರಲ್ಲಿ ಗುಮಾಸ್ತಿಕೆ. ಇಷ್ಟೆಲ್ಲ ಇಟ್ಟುಕೊಂಡು, ನಾಯಕ ನಾಯಕಿ ಜಗಳವಾಡಿ ಬೇರೆಯಾಗುವ ಹೊತ್ತಿಗೆ ನಾನು ಮೂಗು ಏರಿಸುತ್ತಿರುತ್ತೇನೆ. ಹೆಂಡತಿ ಅಡುಗೆಮನೆಯಿಂದಲೇ "ನೆಗಡಿ ಆಗೇತೇನ್ರಿ?" ಎಂದು ಕೇಳುತ್ತಾಳೆ. ನೆಗಡಿಯಲ್ಲವೆಂದು ಅವಳಿಗೆ ಗೊತ್ತು. ಆದರೂ ಕೇಳುತ್ತಾಳೆ.

ಅದರಲ್ಲೂ ದುಡಿದು ತಿನ್ನುವ ಜನರ ಪ್ರೇಮವೆಂದರೆ ನನಗೆ ಪ್ರಾಣ. ಆದರೆ ಒಂದು ತಕರಾರಿದೆ. ಸಿನಿಮಾದಲ್ಲಿ ನಾಯಕ ಆಟೋ ಓಡಿಸುವವನು, ಎರಡೂವರೆ ತಾಸಿನಲ್ಲಿ ಒಬ್ಬ ಗಿರಾಕಿಯನ್ನೂ ಹತ್ತಿಸಿಕೊಳ್ಳುವುದಿಲ್ಲ. ನಾಯಕಿ ಹೂ ಮಾರುವವಳು, ಹಾಡು ಬಂದರೆ ಸಾಕು, ಬುಟ್ಟಿಯ ಹೂವನ್ನೆಲ್ಲ ಗಾಳಿಗೆ ತೂರಿ ಕುಣಿಯುತ್ತಾಳೆ. ಇವರು ಕೆಲಸ ಮಾಡುವುದು ಯಾವಾಗ? ನಮ್ಮ ಹಳೆಯ ಕಾವ್ಯಶಾಸ್ತ್ರದವರಾದರೂ ಏನು ಕಡಿಮೆ! ಧೀರೋದಾತ್ತ, ಧೀರೋದ್ಧತ, ಧೀರಲಲಿತ, ಧೀರಶಾಂತ ಎಂದು ನಾಯಕರಲ್ಲಿ ನಾಲ್ಕು ಬಗೆ ಮಾಡಿಟ್ಟರು. ಹಗಲೆಲ್ಲ ದುಡಿದು ಸಂಜೆ ಬೆವರಿಳಿಸುತ್ತ ಬಸ್ಸಿಗೆ ಓಡುವವನನ್ನು ಯಾವ ಖಾನೆಗೆ ಹಾಕಬೇಕೆಂದು ಹೇಳಲಿಲ್ಲ. ಪಾಪ, ಅವರ ಕಾಲದಲ್ಲಿ ಬಸ್ಸಿರಲಿಲ್ಲ.

ಬಸ್ಸೆಂದರೆ ಗಂಗಾವತಿಯಿಂದ ಸಂಜೆ ಆರೂಕಾಲಿಗೆ ಹೊರಡುವ ಕನಕಗಿರಿ ಬಸ್ಸು. ನನ್ನ ಮನೆ ಕನಕಗಿರಿಯಲ್ಲಿ. ಈ ಬಸ್ಸು ಇನ್ನೂ ಸ್ಟ್ಯಾಂಡಿನೊಳಗೆ ತಿರುಗುತ್ತಿರುವಾಗಲೇ ಜನ ಜೊತೆಗೇ ಓಡುತ್ತ ಕಿಟಕಿಗಳೊಳಗೆ ಟವೆಲ್ಲು, ಕರ್ಚೀಫು, ಟೊಪ್ಪಿಗೆ, ಊಟದ ಡಬ್ಬಿ ಎಸೆಯುತ್ತಾರೆ. ಒಮ್ಮೆ ಒಬ್ಬಾತ ಅಳುತ್ತಿದ್ದ ತನ್ನ ಕೂಸನ್ನೇ ಒಳಗೆ ತೂರಿಸಿ ಸೀಟು ಹಿಡಿದದ್ದನ್ನು ಕಂಡಿದ್ದೇನೆ. ಬಟ್ಟೆ ಬಿದ್ದ ಸೀಟು ಬಟ್ಟೆಯವನದು. ಹೊಲದ ಬದುವಿಗಾಗಿ ಕೋರ್ಟಿಗೆ ಅಲೆಯುವ ಜನರೂ ಈ ಕಾಯಿದೆಯನ್ನು ಮೀರುವುದಿಲ್ಲ. ನಾನೂ ಕರ್ಚೀಫು ಎಸೆಯುತ್ತೇನೆ. ನನ್ನ ಗುರಿ ಕೆಟ್ಟದ್ದು, ಹತ್ತಕ್ಕೆ ಏಳು ಸಲ ಅದು ಬಸ್ಸಿನ ಮೈಗೆ ಬಡಿದು ನೆಲಕ್ಕೆ ಬೀಳುತ್ತದೆ.

ಗುರಿಯೆಂದರೆ ಯಮನೂರಪ್ಪನದು. ಕಿಟಕಿ ಗ್ರಿಲ್ಲು, ಗೇಟು ಮಾಡುವ ವೆಲ್ಡಿಂಗ್ ಅಂಗಡಿಯಲ್ಲಿ ಅವನ ಕೆಲಸ. ಆರಡಿ ಆಳು, ಉದ್ದನೆಯ ಕೈ, ಹೆಗಲ ಮೇಲೊಂದು ಹಳದಿ ಟವೆಲ್ಲು. ವೆಲ್ಡಿಂಗ್ ಕಿಡಿ ಹಾರಿ ಆ ಟವೆಲ್ಲಿಗೆ ತೂತು ಬಿದ್ದು ಅದೊಂದು ಜರಡಿಯೇ ಆಗಿತ್ತು. ದಿನಾಲೂ ಅದು ಎಡಗಡೆಯ ಮೂರನೇ ಕಿಟಕಿಯೊಳಗೆ ಹಾರಿ ಸೀಟಿನ ಮೇಲೆ ಹಾಸಿದಂತೆ ಬೀಳುತ್ತಿತ್ತು. ತಮಾಷೆಯೆಂದರೆ ಅವನು ಮಾತ್ರ ಅಲ್ಲಿ ಕೂರುತ್ತಿರಲಿಲ್ಲ. ಪಕ್ಕದಲ್ಲಿ ಕಾವಲುಗಾರನ ಹಾಗೆ ನಿಂತಿರುತ್ತಿದ್ದ. ಲೇಡೀಸ್ ಟೇಲರ್ ಅಂಗಡಿಯಲ್ಲಿ ಬ್ಲೌಸ್ ಹೊಲಿಯುವ ಹುಲಿಗೆಮ್ಮ ಹತ್ತಿ ಬಂದ ಕೂಡಲೇ ಟವೆಲ್ಲು ಎತ್ತಿಕೊಂಡು ಸರಿಯುತ್ತಿದ್ದ. ಅವಳು ಕೂರುತ್ತಿದ್ದಳು. ಕನಕಗಿರಿ ಬರುವತನಕ ಇಬ್ಬರದೂ ಒಂದಕ್ಷರವಿಲ್ಲ.

ಇದು ನಾಲ್ಕು ತಿಂಗಳು ನಡೆಯಿತು. ಯಾವ ಸಿನಿಮಾದಲ್ಲಾದರೂ ಇಷ್ಟೊತ್ತಿಗೆ ಮೂರು ಹಾಡು ಮುಗಿದು ಮಧ್ಯಂತರ ಬಂದಿರುತ್ತಿತ್ತು. ನಾನು ಮನೆಗೆ ಹೋಗಿ ಚಪ್ಪಲಿ ಬಿಡುವ ಮೊದಲೇ ಹೆಂಡತಿ "ಇವತ್ತೇನಾತ್ರಿ?" ಎನ್ನುತ್ತಿದ್ದಳು. "ಟವೆಲ್ ಎತ್ತಿದ" ಎಂದರೆ "ಥೂ" ಎಂದು ರೊಟ್ಟಿ ಬಡಿಯಲು ಹೋಗುತ್ತಿದ್ದಳು. ಟೀವಿಯ ಧಾರಾವಾಹಿ ಬಿಟ್ಟು ಈ ಕಥೆ ಹಿಡಿದ ಹೆಂಗಸು, ಅವಳ ಸಂಕಟ ನನಗೆ ಅರ್ಥವಾಗುತ್ತಿತ್ತು.

ಒಂದು ದಿನ ತಡೆಯಲಾರದೆ ನಾನೇ ನಿರ್ದೇಶನಕ್ಕೆ ಇಳಿದೆ.

"ಯಮನೂರ, ಬರೇ ಟವೆಲ್ ಎತ್ತೂದ ಆತಲ್ಲೋ. ಏನರ ಮಾತಾಡೋ ಮಾರಾಯ."

"ಏನಂತ ಮಾತಾಡ್ಲಿ ಸರ?"

"ಇದು ಸೀಟಲ್ಲ, ನನ್ನ ಹೃದಯ ಅಂತ ಹೇಳು."

ಅವನು ಬಹಳ ಹೊತ್ತು ಯೋಚಿಸಿದ. "ಸೀಟ್ ಹರದೈತ್ರಿ ಸರ. ಒಳಗಿನ ಸ್ಪಂಜ್ ಹೊರಗ ಬಂದೈತಿ."

ಆದರೂ ಮರುದಿನ ಅವನು ಬಾಯಿ ತೆರೆದ. ಟವೆಲ್ಲು ಎತ್ತಿದ, ಗಂಟಲು ಸರಿಮಾಡಿಕೊಂಡ.

"ಕಿಟಕಿ ಗ್ರಿಲ್ ಏನರ ಬೇಕಿದ್ರ ಹೇಳ್ರಿ. ಛಲೋ ಮಾಡಿ ಕೊಡ್ತೀನಿ."

ಹುಲಿಗೆಮ್ಮ ತಲೆ ಎತ್ತಿ ನೋಡಿ, "ನಮ್ಮನಿಗಿ ಕಿಟಕೀನ ಇಲ್ರಿ" ಎಂದಳು.

ಅಷ್ಟೇ. ಕಥೆ ಮುಗಿಯಿತೆಂದು ನಾನು ಮನೆಗೆ ಬಂದು ತಲೆಯ ಮೇಲೆ ಕೈಹೊತ್ತು ಕೂತೆ. ಹೆಂಡತಿ ಮಾತ್ರ ಸಕ್ಕರೆ ತಿಂದವಳ ಹಾಗೆ ನಕ್ಕಳು. "ಅಯ್ಯ, ಮನಿ ಸುದ್ದಿ ಹೇಳ್ಯಾಳಂದ್ರ ಅರ್ಧಾ ಒಪ್ಯಾಳ ಬಿಡ್ರಿ. ನಿಮಗೇನ್ ತಿಳಿತೈತಿ, ಬರೇ ಸಿನಿಮಾ ನೋಡ್ತೀರಿ."

ಉಳಿದರ್ಧಕ್ಕೆ ಕಾಲಾವಕಾಶ ಇರಲಿಲ್ಲ. ಮುಂದಿನ ಶುಕ್ರವಾರ ಹುಲಿಗೆಮ್ಮ ಬಸ್ಸಿಗೆ ಬರಲಿಲ್ಲ. ಅವಳ ಜೊತೆ ಹೊಲಿಯುವ ಹೆಂಗಸೊಬ್ಬಳು ಬಂದು, "ಆಕಿ ಮಧ್ಯಾಹ್ನನ ಮನಿಗಿ ಹೋಗ್ಯಾಳ. ಐತವಾರ ಸಿದ್ದಾಪುರದಿಂದ ನೋಡಾಕ ಬರಾಕತ್ಯಾರ. ಅವರಣ್ಣ ಎಲ್ಲಾ ಮಾತು ಮುಗಿಸ್ಯಾನ" ಎಂದಳು. ಯಮನೂರಪ್ಪ ಮೂರನೇ ಕಿಟಕಿಯ ಪಕ್ಕ ಟವೆಲ್ಲು ಹಾಸಿಕೊಂಡೇ ನಿಂತಿದ್ದ. ಇಳಿಯುವಾಗ, "ನಾಳಿ ಕೆಲಸಕ್ಕ ಬರ್ತಾಳಂತ್ರಿ. ನಾಳಿ ಕೇಳೇಬಿಡ್ತೀನಿ ಸರ" ಎಂದ. ಟವೆಲ್ಲನ್ನು ಕೈಯಲ್ಲಿ ಹಿಂಡುತ್ತಿದ್ದ. ಕಿಡಿಗೆ ಹೆದರದ ಗಂಡು! ನನಗೆ ನಿಜವಾಗಿಯೂ ಸಂಕಟವಾಯಿತು.

ಶನಿವಾರ ನಾನು ಕಚೇರಿಯಲ್ಲಿ ಹೊಟ್ಟೆನೋವೆಂದು ಹೇಳಿ ಐದೂ ಹತ್ತಕ್ಕೇ ಬಸ್ ಸ್ಟ್ಯಾಂಡು ಸೇರಿದೆ. ಅಲ್ಲಿ ಕಂಡದ್ದು ನನ್ನ ಸಿನಿಮಾ ಪಾಂಡಿತ್ಯವನ್ನೆಲ್ಲ ಮಣ್ಣುಪಾಲು ಮಾಡಿತು. ಹುಲಿಗೆಮ್ಮ ಆಗಲೇ ಬಂದು ಕಲ್ಲುಬೆಂಚಿನ ಮೇಲೆ ಕೂತಿದ್ದಳು. ಅವಳ ಎದುರಿಗೇ ಐದೂಕಾಲಿನ ಕನಕಗಿರಿ ಬಸ್ಸು ಮುಕ್ಕಾಲು ಖಾಲಿ ನಿಂತಿತ್ತು. ಕಂಡಕ್ಟರು, "ಬಾರಬೇ ತಂಗಿ, ಎಲ್ಲಿ ಬೇಕಲ್ಲಿ ಕುಂದರ ಬಾ" ಎಂದು ಕರೆದ. ಅವಳು ಒಲ್ಲೆನೆಂದು ತಲೆಯಾಡಿಸಿದಳು. ಅವನು ನನ್ನ ಕಡೆ ತಿರುಗಿ, "ನಾಕು ತಿಂಗಳಾತ್ರಿ ಸರ. ಅಂಗಡಿ ಐದಕ್ಕ ಬಿಡ್ತೈತಿ, ದಿನಾ ಬಂದು ಇಲ್ಲೇ ಕುಂದರ್ತಾಳ. ಈ ಖಾಲಿ ಗಾಡಿ ಬಿಟ್ಟು ಆ ಗದ್ದಲದ ಗಾಡಿಗಿ ಯಾಕ ಹೋಗ್ತಾಳೋ ದೇವರಿಗೇ ಗೊತ್ತು" ಎಂದು ಸೀಟಿ ಊದಿದ.

ದೇವರಿಗೆ ಗೊತ್ತಿತ್ತು, ಈಗ ನನಗೂ ಗೊತ್ತಾಯಿತು. ಗೊತ್ತಿಲ್ಲದವನೆಂದರೆ ಆ ಆರಡಿಯ ಆಸಾಮಿ ಒಬ್ಬನೇ.

ಅವನು ಆರಕ್ಕೆ ಬಂದ. ಇಸ್ತ್ರಿ ಅಂಗಿ, ಎಣ್ಣೆ ಹಚ್ಚಿದ ತಲೆ, ಒಗೆದ ಟವೆಲ್ಲು. ಒಗೆದದ್ದರಿಂದ ತೂತುಗಳು ಇನ್ನಷ್ಟು ಚೆನ್ನಾಗಿ ಕಾಣುತ್ತಿದ್ದವು. ಅಷ್ಟರಲ್ಲಿ ಎರಡು ಬಸ್ಸು ಒಟ್ಟಿಗೇ ಒಳಗೆ ಬಂದವು. ಯಮನೂರಪ್ಪ ಓಡಿದ, ಕೈ ಬೀಸಿದ. ಹಳದಿ ಟವೆಲ್ಲು ಅಂದವಾಗಿ ಹಾರಿ ಎಡಗಡೆಯ ಮೂರನೇ ಕಿಟಕಿಯೊಳಗೆ ಬಿತ್ತು. ಕೊಪ್ಪಳದ ಬಸ್ಸಿನೊಳಗೆ.

ಆ ಬಸ್ಸು ತಡವಾಗಿ ಬಂದದ್ದು, ನಿಂತಂತೆ ಮಾಡಿ ಹೊರಟೇಬಿಟ್ಟಿತು. ಇವನು "ನನ್ನ ಟವೆಲ್ರೀ! ಟವೆಲ್ರೀ!" ಎಂದು ಗೇಟಿನತನಕ ಬೆನ್ನು ಹತ್ತಿದ. ಆಮೇಲೆ ತಿಳಿದದ್ದು ಕೇಳಿ: ಕಾಲಿಡಲು ಜಾಗವಿಲ್ಲದ ಆ ಬಸ್ಸಿನಲ್ಲಿ ಆ ಒಂದು ಸೀಟು ಕೊಪ್ಪಳದವರೆಗೂ ಖಾಲಿಯೇ ಹೋಯಿತಂತೆ. ಒಬ್ಬ ಅಜ್ಜ ಒಂಟಿಕಾಲ ಮೇಲೆ ನಿಂತು, "ಯಾರದೋ ಟವೆಲ್ ಐತಿ, ಬರ್ತಾರ ತಡೀರಿ" ಎಂದು ದಾರಿಯುದ್ದಕ್ಕೂ ಅದನ್ನು ಕಾದನಂತೆ.

ಇತ್ತ ಕನಕಗಿರಿ ಬಸ್ಸು ತುಂಬಿಹೋಯಿತು. ನಾನು ಕರ್ಚೀಫನ್ನು ಕೈಯಲ್ಲೇ ಹಿಡಿದು ನೋಡುತ್ತ ನಿಂತಿದ್ದೆ. ಯಮನೂರಪ್ಪ ಏದುಸಿರು ಬಿಡುತ್ತ ವಾಪಸು ಬಂದು, ಬರಿಗೈಯಲ್ಲಿ, ಪರೀಕ್ಷೆ ಫೇಲಾದವನ ಹಾಗೆ ಹುಲಿಗೆಮ್ಮನ ಮುಂದೆ ನಿಂತ.

"ಇವತ್ತ ಸೀಟ್ ಸಿಗಲಿಲ್ರಿ."

ಅವಳು ಚೀಲ ಹೆಗಲಿಗೇರಿಸಿ ಎದ್ದಳು. "ಬರ್ರಿ, ನಿಂತ ಹೋಗೂಣು."

ಹೋಗುತ್ತೇನೆ ಎನ್ನಲಿಲ್ಲ, ಹೋಗ್ರಿ ಎನ್ನಲಿಲ್ಲ. ನಾನು ಮೂಗು ಏರಿಸಿದೆ. ಪಕ್ಕದಲ್ಲಿದ್ದವರು ನೆಗಡಿಯೆಂದುಕೊಂಡಿರಬೇಕು.

ಮೂವರೂ ಒಂದೇ ಕಂಬಿ ಹಿಡಿದು ನಿಂತೆವು. ಊರು ದಾಟಿದ ಮೇಲೆ ಹುಲಿಗೆಮ್ಮ ಕಿಟಕಿಯ ಕಡೆ ನೋಡುತ್ತ, "ನಾಳಿ ಬರೋರಿಗಿ ಏನಂತ ಹೇಳ್ಲಿ?" ಎಂದು ಕೇಳಿದಳು. ಕಂಡಕ್ಟರು ಟಿಕೆಟ್ಟು ಕೊಡುವುದನ್ನು ಮರೆತ.

ಯಮನೂರಪ್ಪ ಕಂಬಿ ಹಿಡಿದ ಕೈ ಬದಲಿಸಿದ. "ಮನಿಗಿ ಕಿಟಕಿ ಇಡಾಕ ಒಬ್ಬಾಂವ ಬರಾಕತ್ಯಾನ, ಆ ಕೆಲಸ ಮುಗದ ಮ್ಯಾಲ ನೋಡೂಣಂತ ಹೇಳ್ರಿ."

"ಎಷ್ಟ ದಿನ ಹಿಡಿತೈತಿ ಕೆಲಸ?"

"ನಿಧಾನಕ ಮಾಡ್ತೀನ್ರಿ."

ಸಿದ್ದಾಪುರದವರು ಬಂದು, ಮಂಡಕ್ಕಿ ಒಗ್ಗರಣಿ, ಮಿರ್ಚಿ ಭಜಿ ತಿಂದು, ಖಾರ ಜಾಸ್ತಿಯಾಯಿತೆಂದು ಹೇಳಿ ಹೋದರು. ಹುಲಿಗೆಮ್ಮ ಅಣ್ಣನಿಗೆ ಏನು ಹೇಳಿದಳೋ, ಅವನು ವಾರವಿಡೀ ಮುಖ ಗಂಟು ಹಾಕಿಕೊಂಡಿದ್ದ. ಅವರ ಮನೆಯ ಗೋಡೆಗೆ ಕಿಟಕಿ ಕೂತ ದಿನ ತಣ್ಣನೆಯ ಗಾಳಿ ಬಂದು ಅವನ ಗಂಟೂ ಸಡಿಲವಾಯಿತು. ಮುಂದಿನ ತಿಂಗಳು ಮದುವೆ.

ಇದನ್ನೆಲ್ಲ ಕೇಳಿ ಹೆಂಡತಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ಆಮೇಲೆ, "ಇಪ್ಪತ್ತಾರು ವರ್ಷಾತು, ನನಗೊಮ್ಮೆರ ಸೀಟ್ ಹಿಡದೀರೇನು?" ಎಂದಳು. ಮದುವೆಗೆ ಬಟ್ಟೆ ಕೊಳ್ಳಲು ಇಬ್ಬರೂ ಗಂಗಾವತಿಗೆ ಹೋಗಿ ಬರುವಾಗ ಈ ಅಪವಾದ ಕಳೆದುಕೊಳ್ಳಲೇಬೇಕೆಂದು ನಿಶ್ಚಯಿಸಿದೆ. ಆರೂಕಾಲಿನ ಬಸ್ಸು ತಿರುಗಿತು. ಓಡಿದೆ, ಎಸೆದೆ. ಕರ್ಚೀಫು ಬಸ್ಸಿನ ಮೈಗೆ ಬಡಿದು ಬಿತ್ತು. ಎತ್ತಿಕೊಂಡು ಮತ್ತೆ ಎಸೆದೆ. ಈ ಸಲ ಚಕ್ರದ ಕೆಳಗೆ ಹೋಯಿತು. ಬಗ್ಗಿ ಹುಡುಕುತ್ತಿದ್ದಾಗ ತಲೆಯ ಮೇಲಿಂದ ಪರಿಚಿತ ದನಿ ಕೇಳಿಸಿತು. ನೋಡಿದರೆ ಮೂರನೇ ಕಿಟಕಿಯಲ್ಲಿ ಹೆಂಡತಿ. ಯಾವ ಮಾಯದಲ್ಲಿ ಹತ್ತಿದಳೋ, ಪಕ್ಕದ ಸೀಟಿನ ಮೇಲೆ ಅವಳ ಚೀಲ ಕೂತಿತ್ತು. ಇಪ್ಪತ್ತಾರು ವರ್ಷ ಅವಳ ಜೊತೆ ಹೋದಾಗ ನಾನು ಕೂತ ಸೀಟುಗಳೆಲ್ಲ ಹೇಗೆ ಸಿಗುತ್ತಿದ್ದವೆಂದು ಆಗ ಹೊಳೆಯಿತು.

"ಕರ್ಚೀಫ್ ಬಿಡ್ರಿ ಅತ್ಲಾಗ," ಎಂದಳು, "ಬಂದು ಕುಂದರ್ರಿ."