ಬೇಡಕ್ಕನ ಬಾಯಲ್ಲಿ ಒಂದು ‘ಬೇಕು’

ಬೀದಿಗೆ ಇನ್ನೂ ಬಾಯಿ ಬಂದಿಲ್ಲ. ಹಾಲಿನ ಗಾಡಿ ಹೋಗಿದೆ, ಮೊದಲ ಬಸ್ಸು ಬಂದಿಲ್ಲ. ಕಂಪ್ಯೂಟರ್ ಅಂಗಡಿಯ ಷಟರನ್ನು ಅರ್ಧಕ್ಕೆ ಎತ್ತಿ, ತಲೆ ತಗ್ಗಿಸಿ ಒಳಹೊಕ್ಕ ಹೆಂಗಸು ಹಿಂದಿನ ಕೋಣೆಯ ದೀಪ ಹಾಕುತ್ತಾರೆ. ಮೇಜಿನ ಮೇಲಿನ ಕಂಪ್ಯೂಟರ್ ಪೆಟ್ಟಿಗೆಯ ಪಕ್ಕದ ತಗಡು ಬಿಚ್ಚಿ, ಸ್ವಿಚ್ ಒತ್ತಿ, ಕಣ್ಣು ಮುಚ್ಚಿ ನಿಲ್ಲುತ್ತಾರೆ. ನೋಡಿದವರಿಗೆ ಪ್ರಾರ್ಥನೆಯ ಹಾಗೆ ಕಾಣುತ್ತದೆ. ಅವರ ಕಿವಿ ಇರುವುದು ಒಳಗೆ ತಿರುಗುತ್ತಿರುವ ಫ್ಯಾನಿನ ಮೇಲೆ.

“ಗಾಡಿಗಳ ಗಲಾಟೆ ಶುರುವಾದ್ರೆ ಇದು ಕೇಳಿಸಲ್ಲ, ಅದಕ್ಕೇ ಬೇಗ ಬರೋದು,” ಎನ್ನುತ್ತಾರೆ. “ಪ್ರಾರ್ಥನೆ ಅಂದ್ಕೊಂಡ್ರೂ ತಪ್ಪೇನಿಲ್ಲ ಬಿಡಿ. ಅಲ್ಲೂ ಸುಮ್ನೆ ಕೇಳಿಸ್ಕೊಳ್ಳೋದೇ ತಾನೇ?”

ಪದ್ಯ ಒಪ್ಪಿಸುವವರು ಎಲ್ಲಿ ಉಸಿರು ಎಳೆದುಕೊಂಡರು, ಎಲ್ಲಿ ತಡವರಿಸಿದರು ಎಂದು ಕೇಳುಗನಿಗೆ ತಿಳಿಯುವಂತೆ ಇವರಿಗೆ ಫ್ಯಾನಿನ ಸಂಕಟ ತಿಳಿಯುತ್ತದೆ. ಮದುವೆಗೆ ಮೊದಲು ಅಣ್ಣನ ರಿಪೇರಿ ಅಂಗಡಿಯಲ್ಲಿ ಸೀಲಿಂಗ್ ಫ್ಯಾನಿನ ಮೋಟಾರುಗಳಿಗೆ ತಾಮ್ರದ ತಂತಿ ಸುತ್ತುತ್ತಿದ್ದವರು. ದೊಡ್ಡ ಫ್ಯಾನುಗಳು ಕಲಿಸಿದ್ದನ್ನು ಈಗ ಅಂಗೈಯಗಲದ ಫ್ಯಾನುಗಳಲ್ಲಿ ಹುಡುಕುತ್ತಾರೆ.

ಇಲ್ಲಿಗೆ ಬರುವವರು ಹೆಚ್ಚಾಗಿ ಕಂಪ್ಯೂಟರಿನಲ್ಲಿ ಆಟ ಆಡುವವರು. ಅವರೆಲ್ಲರದೂ ಒಂದೇ ಅಳಲು: ಆಟ ಅಲ್ಲಲ್ಲಿ ತಡವರಿಸುತ್ತದೆ, ಗ್ರಾಫಿಕ್ಸ್ ಕಾರ್ಡ್ ಬದಲಾಯಿಸಬೇಕೇ? ಪರದೆಯ ಮೇಲಿನ ಚಿತ್ರವನ್ನೆಲ್ಲ ಬಿಡಿಸುವ ಭಾಗ ಅದು. ಪೆಟ್ಟಿಗೆಯಲ್ಲಿ ಅದೇ ದುಬಾರಿ. ಇವರು ದೂಳು ತೆಗೆಯುತ್ತಾರೆ, ಬಿಸಿ ಹೀರುವ ಪೇಸ್ಟ್ ಒಣಗಿದ್ದರೆ ಒರೆಸಿ ಹೊಸದು ಹಚ್ಚುತ್ತಾರೆ, ಆಟದ ಸೆಟ್ಟಿಂಗ್ಸಿನಲ್ಲಿ, ಕಾರ್ಡಿಗೆ ಹೊರೆಯಾಗುವ ನೆರಳುಗಳನ್ನು ತೆಗೆದುಹಾಕುತ್ತಾರೆ. ಮತ್ತೆ ಆಡಿಸುತ್ತಾರೆ. ಆಗ ಇವರ ಕಣ್ಣು ಪರದೆಯ ಕಡೆ ಹೋಗುವುದಿಲ್ಲ, ಆಡುವವರ ಮುಖದ ಮೇಲಿರುತ್ತದೆ. ಹುಬ್ಬಿನ ಗಂಟು ಬಿಚ್ಚಿತೋ, ತೀರ್ಪು ಸಿದ್ಧ: “ಬೇಡ. ಇದೇ ಸಾಕು, ತಗೊಂಡು ಹೋಗಿ.”

ದಿನಕ್ಕೆ ಹತ್ತು ಹನ್ನೆರಡು ಪೆಟ್ಟಿಗೆ ಬಂದರೆ ಹೆಚ್ಚಿನವಕ್ಕೆ ಇದೇ ಉತ್ತರ. ಹಾಗಾಗಿ ‘ಬೇಡಕ್ಕ’ ಎಂದು ಕರೆದವನು ಅಂಗಡಿಯ ಮಾಲೀಕ. ಮುಂದಿನ ಕೋಣೆಯಲ್ಲಿ ಹೊಸ ಕಾರ್ಡುಗಳನ್ನು ಮಾರುವವನೂ ಅವನೇ.

“ನಾನು ಮುಂದೆ ಅಂಗಡಿ ತೆರೀತೀನಿ, ಈಯಕ್ಕ ಹಿಂದೆ ಮುಚ್ತಾಳೆ,” ಎಂದು ಅವನು ಹಣೆ ಚಚ್ಚಿಕೊಳ್ಳುತ್ತಾನೆ. ಮತ್ತೇಕೆ ಇಟ್ಟುಕೊಂಡಿದ್ದೀರಿ ಎಂದರೆ ದನಿ ತಗ್ಗುತ್ತದೆ. “ಬೇಡ ಅನ್ನಿಸ್ಕೊಂಡೋರೆಲ್ಲ ವಾಪಸ್ ಬರ್ತಾರಲ್ಲ, ಸ್ವಾಮಿ. ಮೌಸ್ ಬೇಕಾದ್ರೂ ಇಲ್ಲಿಗೇ ಬರ್ತಾರೆ.”

ಮೊದಮೊದಲು ಹೀಗಿರಲಿಲ್ಲ. ಗಿರಾಕಿಗಳು ಕೋಣೆಯೊಳಗೆ ಇಣುಕಿ “ಮೆಕ್ಯಾನಿಕ್ ಇಲ್ವಾ?” ಎಂದು ಇವರನ್ನೇ ಕೇಳುತ್ತಿದ್ದರು. “ಇದಾರೆ, ಕೂತ್ಕೊಳ್ಳಿ” ಎಂದು ಹೇಳಿ ಇವರು ಸ್ಕ್ರೂಡ್ರೈವರ್ ಎತ್ತಿಕೊಳ್ಳುತ್ತಿದ್ದರು. ಕಿಟಕಿಯಿಲ್ಲದ ಕೋಣೆ, ಬೆಸುಗೆಯ ಹೊಗೆ. ಸಂಜೆಯ ಹೊತ್ತಿಗೆ ಕಣ್ಣು ಕೆಂಡ. ಗಂಡ ಲಾರಿ ಓಡಿಸುತ್ತಿದ್ದವರು. ಒಂದು ತಿರುವಿನಲ್ಲಿ ಲಾರಿ ಮಗುಚಿ ಬಲಗಾಲು ಮಾತು ಕೇಳದಂತಾದ ಮೇಲೆ ಬೇಡಕ್ಕ ಈ ಕೆಲಸ ಹುಡುಕಿಕೊಂಡರು.

ಈ ಬೆಳಿಗ್ಗೆ ಗಿರಾಕಿಯ ಕುರ್ಚಿಯ ಮೇಲೆ ಊರುಗೋಲು ಹಿಡಿದು ಕೂತಿರುವುದು ಅದೇ ಗಂಡ. ಮೇಜಿನ ಮೇಲಿರುವುದು ಮನೆಯದೇ ಪೆಟ್ಟಿಗೆ.

ಮನೆಯಲ್ಲಿ ಅವರು ಲಾರಿ ಓಡಿಸುವ ಆಟ ಆಡುತ್ತಾರೆ. ಬ್ರೇಕ್, ಆಕ್ಸಿಲರೇಟರುಗಳನ್ನು ಕೈಯಲ್ಲೇ ಒತ್ತುವಂತೆ ಸ್ಟೀರಿಂಗಿಗೆ ಕೂಡಿಸಿಕೊಟ್ಟವರು ಬೇಡಕ್ಕ. ಆಟದ ಹೊಸ ಆವೃತ್ತಿ ಬಂದಾಗಿನಿಂದ ತಿರುವುಗಳಲ್ಲೇ ಚಿತ್ರ ಕಚ್ಚಿಕೊಂಡು ನಿಲ್ಲುತ್ತಿದೆ. ಕಾರ್ಡ್ ಬದಲಾಯಿಸೋಣವೇ ಎಂದು ಗಂಡ ಕೇಳಿದಾಗಲೆಲ್ಲ ಇವರು ಪಾತ್ರೆ ತೊಳೆಯುತ್ತಲೇ ‘ಬೇಡ’ ಎಂದಿದ್ದಾರೆ. ಊರಿಗೆಲ್ಲ ಬೇಡ ಎಂದು ಮನೆಗೆ ಹೊಸದು ಒಯ್ದರೆ ಯಾರು ಏನೆಂದಾರು? ನಿನ್ನೆಯಿಂದ ಗಂಡ ಆಟವನ್ನೇ ಬಿಟ್ಟು ಗೋಡೆ ನೋಡುತ್ತಾ ಕೂತಿದ್ದರು. ಇವತ್ತು ಆಟೊ ಹಿಡಿದು, ಪೆಟ್ಟಿಗೆ, ಸ್ಟೀರಿಂಗುಗಳ ಸಮೇತ ತಾವೇ ಬಂದಿದ್ದಾರೆ.

“ಒಂದೇ ಮಾತು ಕೇಳ್ಕೊಳ್ಳೋದು ಕಣೇ. ಗಿರಾಕೀನ ನೋಡೋ ಹಾಗೆ ನೋಡು. ಹೆಂಡ್ತಿ ಹಾಗೆ ನೋಡ್ಬೇಡ.”

“ಗಿರಾಕಿ ಆದ್ರೆ ಸಾಲಲ್ಲಿ ಬನ್ನಿ.”

“ಸಾಲಲ್ಲಿ ನಾನೊಬ್ನೇ ಇದೀನಲ್ಲೇ!”

ದೂಳು ತೆಗೆದದ್ದಾಯಿತು, ಪೇಸ್ಟ್ ಹಚ್ಚಿದ್ದಾಯಿತು. ಫ್ಯಾನ್ ಸಲೀಸಾಗಿ ತಿರುಗುತ್ತದೆ. ನೆರಳುಗಳನ್ನು ತೆಗೆದುಹಾಕಿದ ಕೂಡಲೇ ಆಟ ನೀರಿನಂತೆ ಹರಿಯುತ್ತದೆ. ತಿರುವಿನಲ್ಲೂ ತಡೆಯಿಲ್ಲ. ಬೇರೆಯವರಾಗಿದ್ದರೆ ಇಷ್ಟು ಹೊತ್ತಿಗೆ ಪೆಟ್ಟಿಗೆ ಎತ್ತಿಕೊಂಡು ಹೊರಟಿರುತ್ತಿದ್ದರು. ಬೇಡಕ್ಕ ವಾಡಿಕೆಯಂತೆ ಮುಖ ನೋಡುತ್ತಾರೆ. ಹುಬ್ಬಿನ ಗಂಟು ಬಿಚ್ಚಿಲ್ಲ. ಬಯಲು ರಸ್ತೆಯಲ್ಲೂ ಗಂಡ ಬ್ರೇಕಿನ ಮೇಲಿಂದ ಕೈ ತೆಗೆಯುತ್ತಿಲ್ಲ, ಕತ್ತು ಮುಂದೆ ಚಾಚಿಕೊಂಡೇ ಇದ್ದಾರೆ.

“ಯಾಕ್ರೀ ಹೆದರ್ಕೊಂಡು ಓಡಿಸ್ತಿದ್ದೀರ? ಈಗ ಎಲ್ಲೂ ನಿಲ್ತಿಲ್ವಲ್ಲ.”

“ನಿಲ್ತಿಲ್ಲ, ನಿಜ. ನನಗೆ ರಸ್ತೇನೇ ಕಾಣ್ತಿಲ್ಲ.”

“ಇಷ್ಟಗಲ ಕಾಣ್ತಿದೆ!”

“ಡಾಂಬರು ಕಾಣುತ್ತೆ. ನೆರಳೆಲ್ಲಿ? ಮುಂಜಾನೆ ಲೋಡ್ ಹೊಡೀವಾಗ ತಿರುವಿನಾಚೆ ಬರೋ ಗಾಡಿಗಿಂತ ಅದರ ನೆರಳು ಮೊದ್ಲು ಬರುತ್ತೆ. ಗುಂಡಿ ಎಷ್ಟು ಆಳ ಅನ್ನೋದು ಅದರೊಳಗಿನ ನೆರಳಲ್ಲೇ ಗೊತ್ತಾಗೋದು. ನೀನು ಅದನ್ನೇ ಒರೆಸಿಬಿಟ್ಟೆ. ನನಗಿದು ಕಣ್ಣಿಗೆ ಬಟ್ಟೆ ಕಟ್ಟಿ ಓಡಿಸ್ದಂಗೆ.”

ಬೇಡಕ್ಕ ಒರೆಸುವ ಬಟ್ಟೆಯನ್ನು ಮಡಿಸಿ ಇಡುತ್ತಾರೆ, ಮತ್ತೆ ಬಿಚ್ಚುತ್ತಾರೆ. ಎಲ್ಲರ ಆಟದಲ್ಲೂ ಮೊದಲು ಅವರು ಕಳೆಯುವುದು ನೆರಳನ್ನೇ. ಇದ್ದರೆ ಚೆಂದ, ಇಲ್ಲದಿದ್ದರೆ ನಷ್ಟವಿಲ್ಲ ಎಂದೇ ನಂಬಿದ್ದವರು. ನೆರಳುಗಳನ್ನು ಪುನಃ ತರುತ್ತಾರೆ. ಚಿತ್ರ ಮೊದಲ ತಿರುವಿನಲ್ಲೇ ಕಚ್ಚಿಕೊಳ್ಳುತ್ತದೆ. ಹಳೆಯ ಕಾರ್ಡಿನ ಕೈಲಿ ನೆರಳು, ಓಟ ಎರಡೂ ಒಟ್ಟಿಗೆ ಆಗದು.

“ಬೇಕು,” ಎನ್ನುತ್ತಾರೆ.

ಆಗಷ್ಟೇ ಬಂದು ಮುಂದಿನ ಕೋಣೆಯಲ್ಲಿದ್ದ ಮಾಲೀಕ ಓಡಿ ಬರುತ್ತಾನೆ. “ಏನಂದೆ ಅಕ್ಕ? ಇನ್ನೊಂದ್ಸಲ ಹೇಳು! ಆ ದೊಡ್ಡ ಕಾರ್ಡಿನ ಡಬ್ಬ ತರ್ಲಾ?”

“ಕುಣೀಬೇಡ. ದೊಡ್ಡದಕ್ಕೆ ಈ ಪೆಟ್ಟಿಗೇಲಿ ಕರೆಂಟ್ ಸಾಲಲ್ಲ. ಇದಕ್ಕಿಂತ ಜೋರಾಗಿರೋ ಹಳೇ ಕಾರ್ಡ್ ಒಂದನ್ನ ನಾನು ರಿಪೇರಿ ಮಾಡಿಟ್ಟಿದೀನಲ್ಲ, ಅದು ಸಾಕು.”

“ಬೇಕು ಅಂದಾಗ್ಲೂ ನನಗೆ ಬೇಡಾನೇ,” ಎಂದು ಗೊಣಗುತ್ತಾ ಅವನು ಹಿಂದಿರುಗುತ್ತಾನೆ.

ಕಾರ್ಡ್ ಕೂರಿಸಿ ಆಟ ಹಚ್ಚುವಷ್ಟರಲ್ಲಿ ಬೀದಿಗೆ ಬಾಯಿ ಬಂದಿದೆ. ಪರದೆಯಲ್ಲೂ ಬೆಳಗಿನ ಹೊತ್ತು. ಮರಗಳ ನೆರಳು ರಸ್ತೆಗೆ ಅಡ್ಡ ಬಿದ್ದಿದೆ. ತಿರುವಿನಾಚೆಯಿಂದ ಒಂದು ಕಪ್ಪು ಆಕಾರ ನೆಲದ ಮೇಲೆ ಜಾರಿ ಬರುತ್ತದೆ. ಗಂಡ ಆಗಲೇ ಪಕ್ಕಕ್ಕೆ ಸರಿದು ದಾರಿ ಬಿಟ್ಟಿದ್ದಾರೆ. ಆಮೇಲೆ ಬಸ್ಸು ಬರುತ್ತದೆ, ಹೋಗುತ್ತದೆ. ಅವರ ಬೆನ್ನು ಕುರ್ಚಿಗೆ ಒರಗುತ್ತದೆ.

ಇನ್ನು ಮೇಲೆ ನೆರಳು ತೆಗೆಯುವ ಮೊದಲು ಅದು ಬೇಕೇ ಎಂದು ಕೇಳಿಯೇ ತೆಗೆಯುವುದಾಗಿ ಬೇಡಕ್ಕ ಹೇಳುತ್ತಾರೆ. ಬೇರೇನಾದರೂ ಆಸೆ ಇದೆಯೇ ಎಂದರೆ ತುಸು ನಾಚುತ್ತಾರೆ. ಮದುವೆಯಾದ ಹೊಸದರಲ್ಲಿ ಲಾರಿಯಲ್ಲಿ ಗಂಡನ ಪಕ್ಕ ಕೂತು ಲೋಡಿನ ಜೊತೆ ಊರೂರು ಹೋಗಿ ಬಂದವರು ಅವರು.

“ಈ ಆಟದಲ್ಲಿ ಪಕ್ಕದ ಸೀಟು ಯಾವಾಗ್ಲೂ ಖಾಲಿ. ಮಾಡಿದೋರು ಅಲ್ಲೊಬ್ಬರನ್ನ ಕೂರಿಸಿದ್ರೆ ಚೆನ್ನಾಗಿರ್ತಿತ್ತು. ಮಾತಾಡೋದೇನೂ ಬೇಡ, ಸುಮ್ನೆ ಕೂತಿದ್ರೆ ಸಾಕು.”

ಗಂಡ ರಸ್ತೆಯಿಂದ ಕಣ್ಣು ತೆಗೆಯದೆ ಕೇಳುತ್ತಾರೆ: “ಅದಕ್ಕೆ ಇನ್ನೆಂಥ ಕಾರ್ಡ್ ಬೇಕಾಗುತ್ತೋ!”

“ಅದಕ್ಕೆ ಕಾರ್ಡ್ ಬೇಡ,” ಎಂದು ಬೇಡಕ್ಕ ತಮ್ಮ ಸ್ಟೂಲನ್ನು ಎಳೆದು ಅವರ ಪಕ್ಕಕ್ಕೆ ಹಾಕಿಕೊಳ್ಳುತ್ತಾರೆ.